ನಂಜನಗೂಡಿನ ಟ್ಯಾಬ್ ತೆರೆದಿತ್ತು

ಆ ಸಾಲು ಕಣ್ಣು ಮುಚ್ಚಿದರೂ ಕಾಣುತ್ತದೆ. ವೆಬ್‌ಸೈಟಿನ ಸೆಟ್ಟಿಂಗ್ ಫೈಲಿನಲ್ಲಿ ಮೆನುವಿನ ಭಾಗ ಮುಗಿದು ಟ್ಯಾಬ್‌ಗಳ ಭಾಗ ಶುರುವಾಗುವ ಕಡೆ ಅದು ಇತ್ತು. ಓದುವವರು ಕೊನೆಯ ಸಲ ಯಾವ ಟ್ಯಾಬ್ ಒತ್ತಿದ್ದರೋ ಅದನ್ನು ನೆನಪಿಟ್ಟುಕೊಳ್ಳಬೇಕೆ, ಬೇಡವೆ ಎಂದು ಹೇಳುವ ಸಾಲು. ‘ಬೇಡ’ ಎಂದಿದ್ದುದನ್ನು ‘ಬೇಕು’ ಎಂದು ಬದಲಿಸಿದವಳು ನಾನು. ಬದಲಿಸಿ, ಸೈಟನ್ನು ಹೊಸದಾಗಿ ಏರಿಸಿ, ಮಧ್ಯಾಹ್ನದ ಊಟಕ್ಕೆ ಎದ್ದು ಹೋಗಿದ್ದೆ.

ನಾನು ಕೆಲಸ ಮಾಡುವುದು ಒಂದು ಖಾಸಗಿ ಹಾಲಿನ ಕಂಪನಿಯಲ್ಲಿ. ದೊಡ್ಡ ಘಟಕ ನಂಜನಗೂಡಿನಲ್ಲಿದೆ. ಹಳೆಯ, ಚಿಕ್ಕ ಘಟಕ ತಿ. ನರಸೀಪುರದಲ್ಲಿ. ಎರಡೂ ಕಡೆ ಹಾಲನ್ನು ತಣ್ಣಗಾಗಿಸಲು ಅಮೋನಿಯಾ ಬಳಸುತ್ತಾರೆ. ಯಂತ್ರ ಶುರು ಮಾಡುವುದು ಹೇಗೆ, ನಿಲ್ಲಿಸುವುದು ಹೇಗೆ, ಗ್ಯಾಸ್ ಸೋರಿದರೆ ಯಾವ ವಾಲ್ವನ್ನು ಮೊದಲು ಮುಚ್ಚಬೇಕು ಎಂಬುದೆಲ್ಲ ಇಂಗ್ಲಿಷಿನ ದಪ್ಪ ಫೈಲೊಂದರಲ್ಲಿತ್ತು. ಯಾರೂ ಅದನ್ನು ತೆರೆಯುತ್ತಿರಲಿಲ್ಲ. ಅದನ್ನು ಕನ್ನಡಕ್ಕೆ ತಂದು, ಕೆಲಸಗಾರರು ಫೋನಿನಲ್ಲಿ ನೋಡುವಂತೆ ಒಂದು ವೆಬ್‌ಸೈಟ್ ಮಾಡಬೇಕೆಂದು ತೀರ್ಮಾನವಾಯಿತು. ನಂಜನಗೂಡಿನ ಲ್ಯಾಬಿನಲ್ಲಿ ಹಾಲಿನ ಕೊಬ್ಬು ನೋಡುತ್ತಿದ್ದ ನನಗೆ ಆ ಕೆಲಸ ಬಂತು. ಬಿ.ಎಸ್‌ಸಿ. ಓದಿದ್ದೇನೆ, ಕಂಪ್ಯೂಟರ್ ಮುಂದೆ ಕೂತರೆ ಏಳುವುದಿಲ್ಲ ಎಂಬುದಷ್ಟೇ ಕಾರಣ.

ಮೆನು ಬರೆಯುವುದು ಹೊರಗಿನಿಂದ ಕಂಡಷ್ಟು ಹಗುರವಲ್ಲ. ಫೈಲಿನಲ್ಲಿ ಒಂದರ ಕೆಳಗೊಂದು ಹೆಸರು ಬರೆದು, ಯಾವುದು ಯಾವುದರ ಒಳಗೆ ಸೇರುತ್ತದೆ ಎಂಬುದನ್ನು ಸಾಲಿನ ಮುಂದೆ ಬಿಡುವ ಖಾಲಿ ಜಾಗದಿಂದಲೇ ತೋರಿಸಬೇಕು. ಒಮ್ಮೆ ಎಲ್ಲೋ ಎರಡು ಜಾಗ ಹೆಚ್ಚು ಬಿಟ್ಟಿದ್ದಕ್ಕೆ ‘ತುರ್ತು ಕ್ರಮಗಳು’ ಎಂಬ ಇಡೀ ವಿಭಾಗ ‘ಕ್ಯಾನ್ ತೊಳೆಯುವುದು’ ಎಂಬುದರ ಹೊಟ್ಟೆಯೊಳಗೆ ಹೋಗಿ ಕೂತಿತ್ತು. ಇನ್ನೊಮ್ಮೆ ಪುಟವೇನೋ ಇತ್ತು, ಮೆನುವಿನಲ್ಲಿ ಅದರ ಹೆಸರಿರಲಿಲ್ಲ. ಹುಡುಕಿದರೆ ಸಿಗುತ್ತಿತ್ತು, ಹುಡುಕಬೇಕೆಂದು ಗೊತ್ತಿದ್ದವರಿಗೆ ಮಾತ್ರ.

ಮೊದಲು ನಾನು ಎರಡು ಊರಿಗೆ ಎರಡು ಮೆನು ಮಾಡಿದ್ದೆ. ನಂಜನಗೂಡು ಒತ್ತಿದರೆ ಇಲ್ಲಿನ ಪುಟಗಳು, ನರಸೀಪುರ ಒತ್ತಿದರೆ ಅಲ್ಲಿನವು. ಮೇಂಟೆನೆನ್ಸ್ ನೋಡುವ ಎಂಜಿನಿಯರ್‌ಗೆ ಅದು ಹಿಡಿಸಲಿಲ್ಲ.

“ಹತ್ತರಲ್ಲಿ ಎಂಟು ಪುಟ ಎರಡೂ ಕಡೆ ಒಂದೇ ಕಣ್ರೀ. ನಾಳೆ ಒಂದ್ ಕಡೆ ತಿದ್ದಿ ಇನ್ನೊಂದ್ ಕಡೆ ಮರೀತೀರಿ. ಪುಟ ಒಂದೇ ಇರ್ಲಿ, ಬೇರೆ ಇರೋದನ್ನ ಒಳಗೆ ಬೇರೆ ಮಾಡಿ,” ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. ಹಾಗಾಗಿ ಟ್ಯಾಬ್‌ಗಳು ಬಂದವು. ಪುಟ ಒಂದೇ. ನೆತ್ತಿಯ ಮೇಲೆ ಎರಡು ಗುಂಡಿ: ‘ನಂಜನಗೂಡು’, ‘ತಿ. ನರಸೀಪುರ’. ಯಾವುದನ್ನು ಒತ್ತುತ್ತೀರೋ ಅದರ ಬಣ್ಣ ಬದಲಾಗಿ, ಆ ಊರಿನ ಹೆಜ್ಜೆಗಳು ಕೆಳಗೆ ತೆರೆದುಕೊಳ್ಳುತ್ತವೆ. ಒತ್ತುವ ತನಕ ಯಾವುದೂ ಕಾಣುವುದಿಲ್ಲ. ಪ್ರತಿ ಪುಟದಲ್ಲೂ ಒತ್ತಲೇಬೇಕು.

ತಿಂಗಳು ಕಳೆಯುವಷ್ಟರಲ್ಲಿ ನಂಜನಗೂಡಿನ ಹಿರಿಯ ಆಪರೇಟರ್ ಲ್ಯಾಬಿನ ಬಾಗಿಲಿಗೆ ಬಂದರು. ಚಿಕ್ಕಯ್ಯನಛತ್ರದ ಕಡೆಯವರು. ಎಲ್ಲರಿಗೂ ಅವರು ಅಣ್ಣ, ನನಗೂ.

“ಮೇಡಂ, ಪುಟವೇನೋ ಚೆನ್ನಾಗ್ ಮಾಡಿದ್ದೀರಿ. ಆದ್ರೆ ತೆಗೆದ ತೆಗೆದಂಗೆಲ್ಲ ಯಾವೂರು ಯಾವೂರು ಅಂತದಲ್ಲ ಅದು! ಇಷ್ಟ್ ವರ್ಸದಿಂದ ಇಲ್ಲೇ ಇವ್ನಿ, ಅದಕ್ಕೆ ಗೊತ್ತಾಗಾಕಿಲ್ವಾ?”

“ಅದಕ್ಕೆ ಹೇಗಣ್ಣ ಗೊತ್ತಾಗಬೇಕು?”

“ನಾನ್ ಗೇಟ್ ತಾವ ಬಂದ್ರೆ ನಮ್ಮನೆ ನಾಯಿಗೆ ಗೊತ್ತಾಯ್ತದೆ. ನಿಮ್ ಕಂಪ್ಯೂಟರ್ ನಮ್ ನಾಯಿಗಿಂತ ಕಡೇನಾ?”

ನಕ್ಕೆವು. ಗ್ಲೌಸ್ ಹಾಕಿದ ಕೈಯಲ್ಲಿ ಆ ಚಿಕ್ಕ ಗುಂಡಿ ಒತ್ತುವುದು ಕಷ್ಟ ಎಂಬುದೂ ನಿಜವಾಗಿತ್ತು. ಆ ದಿನವೇ ‘ಬೇಡ’ವನ್ನು ‘ಬೇಕು’ ಮಾಡಿದೆ. ಒಮ್ಮೆ ಊರು ಒತ್ತಿದರೆ ಆ ಫೋನಿನಲ್ಲಿ ಎಲ್ಲ ಪುಟಗಳೂ ಅದೇ ಊರಿನವಾಗಿ ತೆರೆಯುತ್ತಿದ್ದವು. ಗೋಡೆಗಳ ನಡುವೆ ನೆಟ್‌ವರ್ಕ್ ಸಿಗುವುದಿಲ್ಲವೆಂದು ಸೈಟನ್ನು ಫೋನಿನೊಳಗೇ ಇಳಿಸಿಡುವ ಏರ್ಪಾಟನ್ನೂ ಮಾಡಿದ್ದೆ. ಅಣ್ಣ ಮಾರನೆಯ ದಿನ ನನ್ನ ಮೇಜಿನ ಮೇಲೆ ಎರಡು ಪೊಟ್ಟಣ ಕಡ್ಲೆಮಿಠಾಯಿ ಇಟ್ಟು ಹೋದರು.

ಅದಾದ ಮೇಲೆ ಒಂದು ಭಾನುವಾರ ನರಸೀಪುರದ ಕಾಯಂ ಆಪರೇಟರ್ ರಜೆ ಹಾಕಿದ್ದರು. ಅಂಥ ದಿನ ನಂಜನಗೂಡಿನಿಂದ ಬದಲಿ ಕಳಿಸುವುದು ವಾಡಿಕೆ. ಅವತ್ತು ಅಣ್ಣನ ಸರದಿ. ನನಗೂ ಅಲ್ಲಿ ಕೆಲಸವಿತ್ತು. ಪುಟದಲ್ಲಿರುವ ವಾಲ್ವ್ ನಂಬರುಗಳನ್ನು ಯಂತ್ರದ ಮೇಲಿನ ನಂಬರುಗಳ ಜೊತೆ ತಾಳೆ ನೋಡಬೇಕಿತ್ತು. ಒಂದೇ ಬಸ್ಸಿನಲ್ಲಿ ಹೋದೆವು.

“ಆ ಪ್ಲಾಂಟ್‌ನಾಗೆ ನಾನ್ ಕೈ ಹಾಕಿರೋದೇ ಎರಡು ಸಲ ಮೇಡಂ,” ಎಂದರು ಅಣ್ಣ ದಾರಿಯಲ್ಲಿ. “ಹಳೇ ಕಾಲದ್ದು. ಪೈಪೆಲ್ಲ ಅಂಗಳದ ಮೇಲೇ ಎಳ್ಕಂಡೋಗವ್ರೆ. ಮೊದ್ಲಾದ್ರೆ ಎದೆ ಡವಡವ ಅನ್ನೋದು. ಈಗ ನಿಮ್ ಪುಟ ಐತಲ್ಲ, ಬುಡಿ.”

ಕಂಪನಿ ಕೊಟ್ಟ ಫೋನು ಅವರ ಅಂಗಿಯ ಜೇಬಿನಲ್ಲಿತ್ತು. ನಂಜನಗೂಡಿನ ಫೋನು.

ಹನ್ನೊಂದರ ಸುಮಾರಿಗೆ ನಾನು ಕ್ಯಾನ್ ತೊಳೆಯುವ ಕಟ್ಟೆಯ ಹತ್ತಿರ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದೆ. ಮೂಗಿಗೆ ಸೂಜಿ ಚುಚ್ಚಿದಂತಾಯಿತು. ಆಮೇಲೆ ಕಣ್ಣು. ಒಳಗೆ ತಣ್ಣೀರಿನ ತೊಟ್ಟಿಯ ಪಕ್ಕದ ಜಾಯಿಂಟ್ ಒಂದರಲ್ಲಿ ಗ್ಯಾಸ್ ಸೋರತೊಡಗಿತ್ತು. ಗೇಟಿನ ಕಾವಲುಗಾರ ಗಂಟೆ ಬಾರಿಸಿದರು. ಹಾಲು ತಂದಿದ್ದವರನ್ನೂ ಕ್ಯಾನ್ ಹೊರುವವರನ್ನೂ ಗಾಳಿ ಬೀಸಿ ಬರುವ ಕಡೆಗೆ, ಗೇಟಿನಾಚೆಗೆ ಕರೆದುಕೊಂಡು ಹೋದೆ. ತರಬೇತಿಯಲ್ಲಿ ನಾವು ಕಲಿತಿದ್ದಂತೆಯೇ ಎಲ್ಲವೂ ನಡೆಯುತ್ತಿತ್ತು.

ಸೋರಿಕೆ ನಿಲ್ಲಿಸಲು ನಮ್ಮಲ್ಲಿ ಇಬ್ಬರು ಬೇಕು. ಮುಖ ಪೂರ್ತಿ ಮುಚ್ಚುವ ಮಾಸ್ಕ್ ಹಾಕಿಕೊಂಡವರಿಗೆ ಫೋನು ಓದಲಾಗುವುದಿಲ್ಲ. ಗಾಜಿನ ಮೇಲೆ ಉಸಿರಿನ ಮಂಜು ಕಟ್ಟುತ್ತದೆ. ಅದಕ್ಕೆ ಹೊರಗೆ ಒಬ್ಬರು ನಿಂತು ಗಟ್ಟಿಯಾಗಿ ಓದುತ್ತಾರೆ, ಒಳಗಿನವರು ಮಾಡುತ್ತಾರೆ. ಒಂದು ಹೆಜ್ಜೆ ಮುಗಿದರೆ ಕೈ ಎತ್ತುತ್ತಾರೆ, ಹೊರಗಿನವರು ಮುಂದಿನದನ್ನು ಓದುತ್ತಾರೆ. ಯಾರೂ ಬರೆದಿಟ್ಟ ನಿಯಮವಲ್ಲ, ಕೆಲಸಗಾರರೇ ಕಂಡುಕೊಂಡ ದಾರಿ.

ಅವತ್ತು ಓದಿದವರು ಗೇಟಿನ ಕಾವಲುಗಾರ. ತಲಕಾಡಿನ ಕಡೆಯ ಹಿರಿಯರು. ದಿನಾ ಬೆಳಿಗ್ಗೆ ಟೀ ಅಂಗಡಿಯಲ್ಲಿ ಹತ್ತು ಜನಕ್ಕೆ ಕೇಳುವಂತೆ ಪೇಪರ್ ಓದಿ ಪಳಗಿದ ಗಂಟಲು. ಅಣ್ಣ ಪುಟ ತೆರೆದು ಫೋನನ್ನು ಅವರ ಕೈಗಿತ್ತು ಮಾಸ್ಕ್ ಬಿಗಿದುಕೊಂಡರು.

“ಒಂದು! ನಾಲ್ಕನೇ ನಂಬರಿನ ವಾಲ್ವನ್ನು ಪೂರ್ತಿ ಮುಚ್ಚಿ!”

ಅಣ್ಣ ಅಂಗಳದ ದೊಡ್ಡ ಟ್ಯಾಂಕಿನ ಬುಡದಲ್ಲಿ ಬಗ್ಗಿದರು. ಕೈ ಎತ್ತಿದರು.

“ಎರಡು! ಏಳನೇ ನಂಬರಿನ ವಾಲ್ವನ್ನು ಪೂರ್ತಿ ಮುಚ್ಚಿ!”

ಒಳಗೆ ಹೋದರು. ಕಿಟಕಿಯಲ್ಲಿ ಕೈ ಕಂಡಿತು.

“ಮೂರು! ಕಂಪ್ರೆಸರ್ ನಿಲ್ಲಿಸಿ!”

ನಾನು ಗೇಟಿನ ಹತ್ತಿರ ನಿಂತು ಕೇಳುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ನನಗೆ ಹೆಮ್ಮೆಯಾಗುತ್ತಿತ್ತು. ನಾನು ತೂಗಿ ತೂಗಿ ಬರೆದ ವಾಕ್ಯಗಳು ಆ ಅಂಗಳದಲ್ಲಿ ಸ್ಪಷ್ಟವಾಗಿ ಕೇಳಿಸುತ್ತಿದ್ದವು. ಒಂದು ಪದದಲ್ಲೂ ಅವರು ಎಡವಲಿಲ್ಲ.

ಕಂಪ್ರೆಸರ್ ನಿಂತಿತು. ಸೋರಿಕೆಯೂ ನಿಂತಿತು. ಅಣ್ಣ ಹೊರಗೆ ಬಂದು ಮಾಸ್ಕ್ ತೆಗೆದರು, ಬಲಗೈಯ ಗ್ಲೌಸ್ ಕಳಚಿ ಕಟ್ಟೆಯ ಮೇಲಿಟ್ಟು ನೀರಿನ ಬಾಟಲಿ ಎತ್ತಿದರು.

“ಭೇಷ್ ಕಣ್ಲಾ! ಬೀಡಿ ಸೇದೋ ಅಷ್ಟರಲ್ಲಿ ಮುಗಿಸ್ಬುಟ್ಟೆ,” ಎಂದರು ಕಾವಲುಗಾರ.

“ನೀವು ಓದಿದ್ ಗತ್ತಿಗೆ ಗ್ಯಾಸೇ ಎದರ್ಕತ್ತು ಬುಡಿ,” ಎಂದರು ಅಣ್ಣ.

ಎಲ್ಲರೂ ನಕ್ಕರು. ನಾನೂ ನಗಲು ಹೋದೆ. ಆದರೆ ಕಂಪ್ರೆಸರ್ ನಿಂತ ಆ ನಿಶ್ಶಬ್ದ ನನಗೆ ಸರಿ ಕಾಣಲಿಲ್ಲ. ನರಸೀಪುರದಲ್ಲಿ ಕಂಪ್ರೆಸರ್ ಇಷ್ಟು ಬೇಗ ನಿಲ್ಲಬಾರದು. ಇಲ್ಲಿನ ಪುಟದಲ್ಲಿ ನಾಲ್ಕನ್ನು ಮುಚ್ಚಿದ ಮೇಲೆ ಏಳನ್ನು ಮುಟ್ಟುವಂತಿಲ್ಲ. ಪೈಪಿನಲ್ಲಿರುವ ದ್ರವವನ್ನೆಲ್ಲ ಕಂಪ್ರೆಸರ್ ಎಳೆದು ಮುಗಿಸುವವರೆಗೆ ಕಾಯಬೇಕು ಎಂದಿದೆ. ಬರೆದವಳು ನಾನೇ. ಫೋನು ಇಸಿದುಕೊಂಡು ನೋಡಿದೆ. ಮೂರನೇ ಹೆಜ್ಜೆ ಕಾಣುತ್ತಿತ್ತು. ಬೆರಳಿಂದ ಪುಟವನ್ನು ಕೆಳಗೆಳೆದೆ. ನೆತ್ತಿಯ ಮೇಲೆ ನಂಜನಗೂಡಿನ ಟ್ಯಾಬ್ ತೆರೆದಿತ್ತು.

ಕಾವಲುಗಾರರದು ತಪ್ಪಲ್ಲ. ‘ಒಂದು’ ಎಂದು ಇದ್ದಲ್ಲಿಂದ ಓದು ಎಂದರೆ ಯಾರಾದರೂ ‘ಒಂದು’ ಎಂದಿದ್ದಲ್ಲಿಂದಲೇ ಓದುತ್ತಾರೆ. ಮೇಲಿನ ಗುಂಡಿಗಳ ಬಣ್ಣವನ್ನು ಗಟ್ಟಿಯಾಗಿ ಯಾರು ಓದುತ್ತಾರೆ?

ನಾಲ್ಕರಿಂದ ಏಳರವರೆಗಿನ ಪೈಪು ಅಂಗಳದ ಮೇಲೆ ಬಿಸಿಲಲ್ಲಿ ಹಾದು ಹೋಗಿತ್ತು. ಅದರ ತುಂಬ ದ್ರವ ಅಮೋನಿಯಾ, ಎರಡೂ ಬಾಯಿ ಬಂದ್. ಬಿಸಿಲಿಗೆ ದ್ರವ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಪೈಪನ್ನೇ ಸೀಳುತ್ತದೆ. ನಂಜನಗೂಡಿನಲ್ಲಿ ಅಂಥ ಒತ್ತಡವನ್ನು ಹೊರಬಿಡಲು ನಡುವೆ ಒಂದು ಸೇಫ್ಟಿ ವಾಲ್ವ್ ಇದೆ. ಘಟಕ ದೊಡ್ಡದು, ಕಾದಷ್ಟೂ ಹೆಚ್ಚು ಗ್ಯಾಸ್ ಸೋರುತ್ತದೆ, ಅದಕ್ಕೇ ಅಲ್ಲಿ ಕಾಯುವಂತಿಲ್ಲ. ಇಲ್ಲಿ ಇಲ್ಲ. ಇಲ್ಲಿ ಇಲ್ಲವೆಂದೇ ಎರಡು ಟ್ಯಾಬ್ ಮಾಡಿದ್ದು.

ಎಂಜಿನಿಯರ್‌ಗೆ ಫೋನು ಮಾಡಿದೆ. ಪುಣ್ಯಕ್ಕೆ ತಕ್ಷಣ ಎತ್ತಿದರು.

“ಸರ್, ನಾಲ್ಕು, ಏಳು ಎರಡೂ ಮುಚ್ಚಿದೆ. ಕಂಪ್ರೆಸರ್ ನಿಂತಿದೆ.”

“ಎಷ್ಟೊತ್ತಾಯ್ತು?”

“ಗೊತ್ತಿಲ್ಲ ಸರ್. ಐದು ನಿಮಿಷ? ಹತ್ತು?”

“ಎಲ್ಲರನ್ನೂ ಇನ್ನೂ ದೂರ ಕಳಿಸಿ. ಫೈರ್‌ನವ್ರಿಗೆ ನಾನ್ ಹೇಳ್ತೀನಿ. ಆಪರೇಟರ್‌ಗೆ ಫೋನ್ ಕೊಡಿ.”

ಕೊಟ್ಟೆ. ಅಣ್ಣ ಕೇಳಿಸಿಕೊಂಡರು. “ಊಂ ಸಾ… ಊಂ… ನಾಲ್ಕಾ? ಅರ್ಧ ಸುತ್ತಾ?” ಎಂದರು. ಆಮೇಲೆ, “ಫೈರ್‌ನೋರು ಬರಗಂಟ ಅದು ಕಾಯ್ತದಾ ಸಾ?” ಅಲ್ಲಿಂದ ಏನು ಉತ್ತರ ಬಂತೋ ನನಗೆ ಕೇಳಿಸಲಿಲ್ಲ. ಅಣ್ಣ ತಲೆ ಎತ್ತಿ ಆ ಪೈಪನ್ನು ನೋಡಿದರು. ಅದು ಗೇಟಿನ ದಾರಿಯ ಪಕ್ಕದಲ್ಲೇ ಇತ್ತು. ಗೇಟಿನಾಚೆ ಹಾಲಿನ ಕ್ಯಾನುಗಳ ನಡುವೆ ಜನ ನಿಂತಿದ್ದರು.

“ಆಯ್ತು ಸಾ,” ಎಂದು ಫೋನು ನನ್ನ ಕೈಗೆ ಕೊಟ್ಟರು.

“ಬೇಡ ಅಣ್ಣ,” ಎಂದೆ. ಎಂದೆನೆ? ಅಂದುಕೊಂಡೆ ಮಾತ್ರವೆ? ಎಷ್ಟು ಸಲ ನೆನೆದರೂ ಇದು ನನಗೆ ಖಚಿತವಾಗುವುದಿಲ್ಲ.

ಅವರು ಮಾಸ್ಕ್ ಹಾಕಿಕೊಂಡು, ಟ್ಯಾಂಕಿನ ಬುಡದ ನಾಲ್ಕನೇ ವಾಲ್ವನ್ನು ಮತ್ತೆ ತೆರೆಯಲು ಹೋದರು. ಕಾವಲುಗಾರ ಕ್ಯಾನ್ ತೊಳೆಯುವ ಪೈಪು ಎಳೆದು ತಂದು ಅಮೋನಿಯಾ ಪೈಪಿನ ಮೇಲೆ ನೀರು ಹಾಯಿಸಲು ನೋಡಿದರು. ಅಷ್ಟು ದೂರ ಅದು ಮುಟ್ಟಲಿಲ್ಲ. ನೀರು ಅರ್ಧ ದಾರಿಯಲ್ಲೇ ನೆಲಕ್ಕೆ ಬೀಳುತ್ತಿತ್ತು. ನಾನು ಫೋನು ಹಿಡಿದು, ಎಂಜಿನಿಯರ್ ಹೇಳಿದ್ದನ್ನೇ ಕೂಗುತ್ತಿದ್ದೆ: “ಅರ್ಧ ಸುತ್ತು ಸಾಕು! ಅರ್ಧ ಸುತ್ತು ಸಾಕು!”

ಬಲಗೈಯ ಗ್ಲೌಸ್ ಕಟ್ಟೆಯ ಮೇಲೇ ಇತ್ತು. ನನಗೆ ಅದು ಕಾಣುತ್ತಿತ್ತು. ಹಳದಿ ಬಣ್ಣದ್ದು, ಬೆರಳುಗಳು ಮೇಲ್ಮುಖವಾಗಿ. ಕಾಣುತ್ತಿತ್ತು, ಆದರೆ ಅದರ ಅರ್ಥ ತಲೆಗೆ ಹೋಗಲಿಲ್ಲ. ಬಾಯಿ ಅರ್ಧ ಸುತ್ತು, ಅರ್ಧ ಸುತ್ತು ಎನ್ನುತ್ತಲೇ ಇತ್ತು.

ಚಕ್ರ ತಿರುಗಿದ ಸದ್ದು ಕೇಳಿಸಿತು. ಜೊತೆಗೇ ಬೆಕ್ಕು ಬುಸುಗುಟ್ಟಿದಂಥ ಒಂದು ಸದ್ದು. ವಾಲ್ವಿನ ಕುತ್ತಿಗೆಯಲ್ಲಿ ಸೋರದಂತೆ ತುಂಬಿದ ಪ್ಯಾಕಿಂಗ್ ಸೀಳಿ ಬಿಳಿಯ ಹಬೆಯಂಥದ್ದು ಪಕ್ಕಕ್ಕೆ ಚಿಮ್ಮಿತು. ಅಣ್ಣ ಕೈ ತೆಗೆಯಲಿಲ್ಲ. ಇನ್ನಷ್ಟು ತಿರುಗಿಸಿದರು. ಆಮೇಲೆ ಹಿಂದಕ್ಕೆ ಕುಸಿದು ಕೂತರು, ಕೂತಲ್ಲೇ ತೆವಳಿಕೊಂಡು ಬಂದರು. ಪೈಪಿನ ಒತ್ತಡ ಟ್ಯಾಂಕಿಗೆ ಇಳಿದಿತ್ತು. ಚಿಮ್ಮುತ್ತಿದ್ದುದೂ ಇಳಿದು ನಿಂತಿತು.

ಕಾವಲುಗಾರ ಅವರ ಕೈಯನ್ನು ನೀರಿಗೆ ಹಿಡಿದರು. ಅಮೋನಿಯಾದ ಚಳಿಗೆ ಹೆಪ್ಪುಗಟ್ಟಿ ಬೆರಳುಗಳು ಸುಣ್ಣದ ಹಾಗೆ ಬೆಳ್ಳಗಿದ್ದವು. “ಉರಿ ಇಲ್ಲ ಕಣಣ್ಣ, ಏನೂ ಗೊತ್ತಾಯ್ತಾ ಇಲ್ಲ,” ಎಂದು ಅಣ್ಣ ಅಚ್ಚರಿಯಿಂದ ಹೇಳುತ್ತಿದ್ದರು. ನಾನು ನೀರಿನ ಪೈಪು ಹಿಡಿದುಕೊಂಡೆ. ಆಂಬುಲೆನ್ಸ್ ಬರುವವರೆಗೂ ಹಿಡಿದೇ ಇದ್ದೆ. ನನ್ನಿಂದ ಆದದ್ದು ಅಷ್ಟೇ.

ಮೈಸೂರಿನ ಆಸ್ಪತ್ರೆಯಲ್ಲಿ ಕೈ ಉಳಿಯಿತು. ಎರಡು ಬೆರಳು ಮಡಚುವುದಿಲ್ಲ.

ಆ ಸಾಲಿನ ವಿಷಯವನ್ನು ನಾನೇ ಎಂಜಿನಿಯರ್‌ಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. “ಸರಿ, ಅದನ್ನ ತೆಗೆದುಬಿಡಿ,” ಎಂದರು. ತೆಗೆಯಲು ಒಂದು ನಿಮಿಷವೂ ಬೇಕಾಗಲಿಲ್ಲ. “ಪೈಪಿಗೆ ಸೇಫ್ಟಿ ವಾಲ್ವ್ ಹಾಕ್ಸೋಕೆ ಮೇಲಿನವ್ರಿಗೆ ಬರೆದಿದ್ದೀನಿ, ಆದ್ರೆ ಘಟಕ ಪೂರ್ತಿ ನಿಲ್ಲಿಸಿದಾಗ್ಲೇ ಅದು ಆಗೋದು,” ಎಂದರು.

ತುರ್ತು ಪುಟಗಳಿಂದ ಟ್ಯಾಬ್‌ಗಳನ್ನು ಕಿತ್ತೆ. ಎರಡು ಊರಿಗೆ ಮತ್ತೆ ಎರಡು ಮೆನು ಮಾಡಿದೆ. ಓದಿದರೆ ಕಿವಿಗೂ ಊರು ಗೊತ್ತಾಗಲಿ ಎಂದು ಪ್ರತಿ ಹೆಜ್ಜೆಯ ಮೊದಲಿಗೂ ಊರಿನ ಹೆಸರು ಸೇರಿಸಿದೆ: ‘ನಂಜನಗೂಡು, ಒಂದು. ನಂಜನಗೂಡು, ಎರಡು.’ ಇನ್ನು ಯಾರೂ ತಪ್ಪುವುದಿಲ್ಲ ಎನ್ನಿಸಿತು.

ಅಣ್ಣ ಕೆಲಸಕ್ಕೆ ಮರಳಿದ ಮೇಲೆ, ನರಸೀಪುರದಲ್ಲಿ ಯಂತ್ರ ನಿಂತಿದ್ದ ಒಂದು ಬೆಳಿಗ್ಗೆ, ಎಂಜಿನಿಯರ್ ಒಪ್ಪಿಗೆ ಪಡೆದು ಒಂದು ಪರೀಕ್ಷೆ ಮಾಡಿದೆ. ಅಣ್ಣ ಮಾಸ್ಕ್ ಹಾಕಿಕೊಂಡು ವಾಲ್ವನ್ನು ಬರೀ ಮುಟ್ಟಬೇಕು, ತಿರುಗಿಸುವಂತಿಲ್ಲ. ನಾನು ಓದುವುದು. ಬೇಕೆಂದೇ ತಪ್ಪು ಪುಟ ತೆರೆದೆ. ಅವರಿಗೆ ಹೇಳಲಿಲ್ಲ.

“ನಂಜನಗೂಡು, ಒಂದು! ನಾಲ್ಕನೇ ವಾಲ್ವ್!”

ಕೈ ಎತ್ತಿದರು.

“ನಂಜನಗೂಡು, ಎರಡು! ಏಳನೇ ವಾಲ್ವ್!”

ಮಡಚದ ಎರಡು ಬೆರಳು ಕಿಟಕಿಯಲ್ಲಿ ಕಂಡವು. ಮೂರಕ್ಕೂ ಕೈ ಎತ್ತಿದರು.

ಹೊರಗೆ ಬಂದಾಗ ಕೇಳಿದೆ. “ಅಣ್ಣ, ನಂಜನಗೂಡು ಅಂತ ಓದಿದ್ದು ಕೇಳಿಸಲಿಲ್ಲವಾ?”

“ಕೇಳುಸ್ತು.”

“ಮತ್ತೆ?”

ನಾನು ಏನೋ ವಿಚಿತ್ರ ಕೇಳಿದಂತೆ ನೋಡಿದರು. “ಓದ್ತಾ ಇದ್ದೋರು ನೀವು ಮೇಡಂ. ಬರೆದೋರೂ ನೀವೇ. ನಿಮ್ಮೇಲೆ ನಾನ್ಯಾಕೆ ಅನುಮಾನ ಪಡ್ಲಿ?”

ಸಂಜೆ ಆ ಪುಟಗಳನ್ನೇ ಸೈಟಿನಿಂದ ತೆಗೆದುಹಾಕಿದೆ. ಫೋನಿನಲ್ಲಿದ್ದರೆ ತಾನೆ ಊರಿಂದ ಊರಿಗೆ ಹೋಗುವುದು? ಎಂಜಿನಿಯರ್‌ಗೆ ಹೇಳಿ, ಅಂಗಡಿ ಬೋರ್ಡು ಬರೆಯುವ ಪೇಂಟರ್ ಒಬ್ಬರನ್ನು ಕರೆಸಿ, ಆಯಾ ಘಟಕದ ಹೆಜ್ಜೆಗಳನ್ನು ಅದೇ ಘಟಕದ ಗೋಡೆಯ ಮೇಲೆ ಬರೆಸಿದೆವು. ನೆತ್ತಿಯ ಮೇಲೆ ಕೆಂಪು ಬಣ್ಣದಲ್ಲಿ, ಮೊಳದುದ್ದದ ಅಕ್ಷರದಲ್ಲಿ: ‘ತಿ. ನರಸೀಪುರಕ್ಕೆ ಮಾತ್ರ’. ಮೆನುವಿನಲ್ಲಿ ‘ಗ್ಯಾಸ್ ಸೋರಿದರೆ’ ಎಂದು ಒತ್ತಿದರೆ ಈಗ ಒಂದೇ ಸಾಲು ಬರುತ್ತದೆ: ‘ನೀವಿರುವ ಘಟಕದ ಗೋಡೆ ನೋಡಿ.’ ಆ ವಾರ ನಿದ್ದೆ ಬಂತು.

ಕಳೆದ ಭಾನುವಾರ ಬೆಳಿಗ್ಗೆ, ಎರಡೂ ಘಟಕದವರಿರುವ ವಾಟ್ಸಾಪ್ ಗುಂಪಿನಲ್ಲಿ ಕಾವಲುಗಾರರು ಒಂದು ಫೋಟೋ ಹಾಕಿದ್ದರು. ನರಸೀಪುರದ ಗೋಡೆ. ಹತ್ತಿರ ನಿಂತು ತೆಗೆದಿದ್ದರು; ಒಂದು, ಎರಡು, ಮೂರು ಎಲ್ಲವೂ ಚೆನ್ನಾಗಿ ಓದಲು ಬರುತ್ತಿತ್ತು. ಮೇಲಿನ ಕೆಂಪು ಅಕ್ಷರಗಳು ಫೋಟೋದೊಳಕ್ಕೆ ಬಂದಿರಲಿಲ್ಲ. ಕೆಳಗೆ ಬರೆದಿದ್ದರು: ‘ಎಲ್ಲರಿಗೂ ಉಪಯೋಗವಾಗಲಿ.’

ಅದರ ಕೆಳಗೆ ಅಣ್ಣನ ಉತ್ತರವಿತ್ತು: ‘ಸೂಪರ್. ಸೇವ್ ಮಾಡ್ಕೊಂಡೆ.’

ಫೋನು ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಅವರು ನಂಜನಗೂಡಿನಲ್ಲಿ ಡ್ಯೂಟಿಯಲ್ಲಿದ್ದರು; ಯಂತ್ರಗಳ ಸದ್ದಿನಲ್ಲಿ ರಿಂಗು ಕೇಳಿಸುವುದಿಲ್ಲ. ಮತ್ತೆ ಮಾಡಿದೆ.